ಬಳಪದ ಲೆಕ್ಕ

ಜೂನಿನಲ್ಲಿ ಬಂದದ್ದು ಎರಡು ಡಬ್ಬಿ ಬಳಪ.
ದೀಪಾವಳಿಗೆ ಮೊದಲೇ ತಳ ಕಂಡಿತು.
ಇಪ್ಪತ್ತಾರು ಮಕ್ಕಳು, ಇನ್ನೂ ಅ ಆ ಇ ಈ ದಾಟಿಲ್ಲ,
ಯಾವ ಮಹಾಕಾವ್ಯ ಬರೆದು ಸವೆಸಿದರೋ!

ಕೆಂಪಾಜಮ್ಮನ ಮೇಲೆ ಅನುಮಾನಪಟ್ಟೆ,
ಮೊಮ್ಮಗನಿಗೆ ಒಯ್ದಿರಬೇಕು ಎಂದು.
ಅವಳು ಮುನಿದು, ಎರಡು ದಿನ
ಸಾರಿನ ಉಪ್ಪು ನೋಡಲು ನನ್ನ ಕರೆಯಲಿಲ್ಲ.
ಹಾಗಾದರೆ ಇಲಿ ಇರಬಹುದು, ಅಂದೆ.
‘ಅಕ್ಕಿಮೂಟೆ ಬುಟ್ಟು ಬಳಪ ತಿನ್ನೋ ಇಲಿ ಯಾವ್ದವ್ವ’
ಅಂದಳು, ಪಾತ್ರೆಗೆ ಹೇಳುವ ಹಾಗೆ.

ಬುಧವಾರ ಫಿಲೋಮಿನಾ ಸಿಸ್ಟರ್ ಬಂದರು.
ನೀಲಿ ಪೆಟ್ಟಿಗೆ, ಹತ್ತಿ, ಸ್ಪಿರಿಟ್ಟಿನ ವಾಸನೆ.
ಒಂದೊಂದು ಬೆರಳಿಗೆ ಒಂದು ಚೀರಾಟ,
ಒಂದೊಂದು ಹನಿಗೆ ಒಂದು ಅಂಕಿ.
ಹತ್ತು ಎರಡು. ಎಂಟು ಏಳು. ಒಂಬತ್ತು. ಮತ್ತೆ ಒಂಬತ್ತು.
ಹನ್ನೊಂದು ಮುಟ್ಟಿದವರು ಒಂಬತ್ತೇ ಮಂದಿ.
ನಾಲೆಯಾಚೆ ಆಲೆಮನೆಯ ಕೊಪ್ಪರಿಗೆ ಕುದಿಯುತ್ತಿತ್ತು,
ಬೆಲ್ಲದ ಘಮ ಕಿಟಕಿಯಲ್ಲಿ ಬಂದು
ಇಪ್ಪತ್ತಾರು ಮೂಗಿಗೂ ಸಮನಾಗಿ ಬಡಿಸುತ್ತಿತ್ತು.

ರೋಜಳ ಮಗಳು ಪುಣ್ವಿತ, ನಾಲ್ಕು ತುಂಬಿದೆ.
ಅಳಲಿಲ್ಲ. ಒತ್ತಿದರೂ ಹನಿ ತಡವಾಗಿ ಬಂತು,
ನನ್ನ ಗೌರವಧನದ ಹಾಗೆ.
ಬಂದದ್ದು ರಕ್ತವೋ, ನೇರಳೆಹಣ್ಣು ತೊಳೆದ ನೀರೋ.
‘ಆರು ಒಂಬತ್ತು,’ ಅಂದರು ಸಿಸ್ಟರ್.
ಇನ್ನೊಂದು ಬೆರಳು. ಆರು ಒಂಬತ್ತೇ.
ಕೆಳರೆಪ್ಪೆ ಜಗ್ಗಿ ನೋಡಿದರೆ ಸುಣ್ಣ ಹೊಡೆದ ಗೋಡೆ.
ಬಾಯಿ ತೆಗಿ ಪುಟ್ಟಿ, ಆ ಅನ್ನು.
ಆ...
ನಾಲಿಗೆಯ ಮೇಲೆ ನೆನೆಯುತ್ತಿತ್ತು ಒಂದು ಬಿಳಿ ಚೂರು.

ಎರಡು ಡಬ್ಬಿ ಬಳಪ
ನನ್ನ ಕಣ್ಣೆದುರೇ ಒಂದೊಂದಾಗಿ ನಡೆದು ಹೋಗಿತ್ತು
ಅ ಬರೆಯುವ ಮೊದಲೇ, ಆ ಅನ್ನುವ ಬಾಯಿಗೆ.

‘ಮನೇಲೂ ಗೋಡೆ ಕೆರ್ಕೊಂಡು ತಿಂತದೆ ಕನಕ್ಕ,’ ಅಂದಳು ರೋಜ.
‘ಇವ್ಳು ಹೊಟ್ಟೇಲಿದ್ದಾಗ ನಾನು ಕೆಮ್ಮಣ್ಣು ತಿಂದೆ,
ಅದ್ಕೇ ಈ ಚಟ ಅಂತದೆ ನಮ್ಮತ್ತೆ.’
ಸಿರಪ್ಪು ಕುಡಿಸಿದೆಯಾ?
‘ಕುಡಿಸ್ದೆ. ಕಕ್ಕಸ್ಸು ಕರ್ರಗಾಯ್ತು, ಹೆದ್ರಿ ನಿಲ್ಲಿಸ್ದೆ.’
ಬೆಳಿಗ್ಗೆ ಏನು ಕೊಡ್ತೀಯ?
‘ಟೀ, ಬನ್ನು. ಏಳಕ್ಕೆಲ್ಲ ಗದ್ದೇಲಿರ್ಬೇಕಲ್ಲಕ್ಕ.’
ಬೈಯಲು ಬಾಯಿ ತೆರೆದೆ. ಗೋಡೆಯ ಪಟದಲ್ಲಿ
ನುಗ್ಗೆಸೊಪ್ಪು, ಮೊಟ್ಟೆ, ರಾಗಿಮುದ್ದೆ ಎಲ್ಲ ಇದ್ದವು.
ಅವಳ ತುಟಿಗೂ ಮಗಳದೇ ಬಣ್ಣ.
ಬಾಯಿ ಮುಚ್ಚಿದೆ.

ಉಳಿದ ಒಂದು ಸೂಜಿ ಹಿಡಿದು ಸಿಸ್ಟರ್ ಕೇಳಿದರು, ನಿಮಗೂ ನೋಡಲಾ?
ಹೆಸರಲ್ಲೇ ಕೆಂಪಿಟ್ಟುಕೊಂಡವಳು
ಕೈ ಸೆರಗಿನೊಳಗೆ ಎಳೆದುಕೊಂಡಳು.
ನಾನೂ ರಿಜಿಸ್ಟರ್ ಹುಡುಕುವವಳ ಹಾಗೆ ಎದ್ದೆ.

ಮಧ್ಯಾಹ್ನ ಫೋನಿನಲ್ಲಿ ತುಂಬಬೇಕು: ಎತ್ತರ, ತೂಕ, ರಕ್ತ.
ಮೇಲ್ವಿಚಾರಕಿಯ ವಾಯ್ಸ್ ಮೆಸೇಜು ಮೊದಲೇ ಬಂದಿತ್ತು:
ಈ ಸಲ ನಮ್ಮ ವಲಯದ ಶೇಕಡ ಇಳೀಲೇಬೇಕು ಮೇಡಂ.
ಆರು ಒಂಬತ್ತು.
ತಿರುಗಿಸಿದರೆ ಒಂಬತ್ತು ಆರು.
ಹೆಬ್ಬೆರಳ ಸಣ್ಣ ತಪ್ಪು, ಯಾರು ಕೇಳುತ್ತಾರೆ?
ಒಂಬತ್ತರ ಮೇಲೆ ಬೆರಳಿಟ್ಟುಕೊಂಡು
ಎಷ್ಟು ಹೊತ್ತು ಕೂತಿದ್ದೆನೋ, ಪರದೆ ತಾನೇ ಕಪ್ಪಾಯಿತು.
ಅದರಲ್ಲಿ ನನ್ನ ಮುಖ.
ಮತ್ತೆ ತೆರೆದು ಆರನ್ನು ಮೊದಲು ಒತ್ತಿದೆ.

ದಾಸ್ತಾನು ಪುಸ್ತಕ ಇನ್ನೂ ಕಷ್ಟದ್ದು.
ಬಳಪ: ಬಂದದ್ದು, ಎರಡು ಡಬ್ಬಿ. ಉಳಿದದ್ದು, ಏಳು.
ಖರ್ಚಾದ ಬಗೆ:
ಆ ಖಾನೆ ಒಂದು ಬೆರಳು ಅಗಲವೂ ಇಲ್ಲ.
ಖಾಲಿ ಬಿಟ್ಟೆ.

ತಪ್ಪಾಯ್ತು ಕೆಂಪಾಜಮ್ಮ, ಅಂದೆ ಮರುದಿನ.
ಅವಳು ಮಾತಾಡದೆ ಸೌಟಿನಿಂದ
ನನ್ನ ಅಂಗೈಗೆ ಸಾರು ಬಿಟ್ಟಳು.
ಉಪ್ಪು ಸರಿಯಾಗಿತ್ತು.

ಒಂಬತ್ತರ ಬಸ್ಸಿನಲ್ಲಿ ನಾವು ಮೂವರು, ಮಂಡ್ಯದ ದೊಡ್ಡಾಸ್ಪತ್ರೆಗೆ.
ಒಂದು ದಿನದ ಕೂಲಿ ಬಿಟ್ಟು ಬಂದ ರೋಜ
ಕಿಟಕಿಗೆ ತಲೆ ಒರಗಿಸಿ ನಿದ್ದೆಹೋದಳು.
ಕಬ್ಬಿನ ಲಾರಿಯ ಹಿಂದೆ ಬಸ್ಸು ತೆವಳುತ್ತಿತ್ತು.
ಪುಣ್ವಿತ ನನ್ನ ಮಡಿಲಲ್ಲಿ, ಹತ್ತಿಯ ಗಂಟಿನಷ್ಟು ಹಗುರ,
ಎಡಗೈ ಮುಷ್ಟಿ ಬಿಗಿ.
ಏನಿದೆಯೆಂದು ಗೊತ್ತಿತ್ತು.
ಆಸ್ಪತ್ರೆಯ ಗೇಟು ಬರುವವರೆಗೆ
ಬಿಡಿಸಲಿಲ್ಲ ನಾನು.